ಎಂಟು ಕಾಲಿನ ಕಾವಲುಗಾರ

ಮಂಗಳೂರಿನಿಂದ ಬೆಂಗಳೂರಿನ ಬಸ್ಸು ಹತ್ತಿದವರಿಗೆ ಮೆಲ್ಕಾರ್ ಎಂಬ ಊರು ಕಾಣಿಸುವುದು ಅರ್ಧ ನಿಮಿಷ ಮಾತ್ರ. ಬಿ.ಸಿ.ರೋಡು ಕಳೆದು, ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿ, ಇನ್ನೇನು ಕಲ್ಲಡ್ಕದ ಚಾ ನೆನಪಾಗಬೇಕು ಅನ್ನುವಷ್ಟರಲ್ಲಿ ಬಲಗಡೆಗೆ ಮುಡಿಪಿನ ರಸ್ತೆ ಕವಲೊಡೆಯುತ್ತದೆ. ಅದೇ ಮೆಲ್ಕಾರ್. ಆ ಕವಲಿನ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ 1995ರಿಂದ ಕೆಲವು ವರ್ಷ ನನ್ನದೊಂದು ರಿಪೇರಿ ಅಂಗಡಿ ಇತ್ತು. ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷ ಸರ್ಕೀಟು ಬೆಸೆದು, ಅಲ್ಲಿನ ಹೋಟೆಲ್ ಊಟಕ್ಕೆ ಹೊಟ್ಟೆ ಕೆಟ್ಟು ಊರಿಗೆ ಮರಳಿದವನು ನಾನು. ಟೀವಿ, ಟೇಪ್‌ರೆಕಾರ್ಡರ್, ಸ್ಟೆಬಿಲೈಸರ್ ಯಾವುದು ಬಂದರೂ ಇಲ್ಲ ಎನ್ನುತ್ತಿರಲಿಲ್ಲ.

ಅದರಲ್ಲೂ ಸ್ಟೆಬಿಲೈಸರ್‌ಗಳೇ ಹೆಚ್ಚು. ಕಾರಣ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಫೆಬ್ರವರಿ ಕಳೆಯಿತೆಂದರೆ ಅಡಿಕೆ ತೋಟಗಳಿಗೆ ನೀರು ಬಿಡುವ ಕಾಲ. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನ ಪಂಪುಗಳೆಲ್ಲ ಒಟ್ಟಿಗೆ ಎದ್ದವೆಂದರೆ ಮನೆಯ ಬಲ್ಬಿನೊಳಗಿನ ತಂತಿ ಕೆಂಪು ಕೂದಲೆಳೆಯ ಹಾಗೆ ಕಾಣಿಸುತ್ತಿತ್ತು. ಟ್ಯೂಬ್‌ಲೈಟು ಮಿನುಗಿ ಮಿನುಗಿ ಸುಸ್ತಾಗುತ್ತಿತ್ತು. 230 ವೋಲ್ಟು ಇರಬೇಕಾದಲ್ಲಿ 150. ರಾತ್ರಿ ಹನ್ನೊಂದರ ಮೇಲೆ ಅದೇ ತಂತಿಯಲ್ಲಿ 250 ದಾಟುವುದೂ ಇತ್ತು. ಹಾಗೆಂದು ಕರೆಂಟನ್ನು ಬಯ್ದು ಫಲವಿಲ್ಲ. ಅಂಥ ಕರೆಂಟಿನಿಂದಲೇ ನನ್ನ ಅಂಗಡಿಯ ಬಾಡಿಗೆ ಹುಟ್ಟುತ್ತಿತ್ತು.

ನನ್ನ ಸೋದರಮಾವನ ತೋಟ ಸಜಿಪದ ಕಡೆ. ಮಾವನ ತೊಂದರೆ ಒಂದೇ. ಮೂರು ಫೇಸಿನ ಕರೆಂಟು ಬರುವುದು ನಡುರಾತ್ರಿ ಎರಡಕ್ಕೋ ಮೂರಕ್ಕೋ. ಬಂದಾಗ ಯಾರಾದರೂ ಟಾರ್ಚು ಹಿಡಿದು ಕೆರೆಯ ಬದಿಯ ಪಂಪ್‌ಶೆಡ್ಡಿಗೆ ಇಳಿದು ಸ್ಟಾರ್ಟರಿನ ಹಸಿರು ಗುಂಡಿ ಒತ್ತಬೇಕು. ಹಾವು, ಹುಳ, ಕೆಸರು. ನಡುವೆ ಕರೆಂಟು ಒಂದು ಸಲ ಹೋಗಿ ಬಂದರೆ ಮತ್ತೆ ಇಳಿಯಬೇಕು.

"ನೀನು ಇಷ್ಟೆಲ್ಲ ಕಲಿತವ. ಕರೆಂಟು ಬಂದ ಕೂಡಲೇ ತನ್ನಷ್ಟಕ್ಕೆ ಏಳುವ ಹಾಗೆ ಒಂದು ಮಾಡ್ಲಿಕ್ಕೆ ಆಗುದಿಲ್ವಾ ಮಾರಾಯ?" ಎಂದು ಮಾವ ಕೇಳಿದರು.

ಆಟೊ ಸ್ಟಾರ್ಟರ್ ಎಂಬ ಸರಳ ಪೆಟ್ಟಿಗೆ ಆಗಲೂ ಪೇಟೆಯಲ್ಲಿ ಸಿಗುತ್ತಿತ್ತು. ಆದರೆ ಮೈಕ್ರೊಪ್ರೊಸೆಸರ್ ಕಲಿತ ಹೊಸ ಹುಮ್ಮಸ್ಸಿನವನಿಗೆ ಅದು ಸಾಕಾದೀತೇ? ಇಂಟೆಲ್ ಕಂಪನಿ 1980ರಲ್ಲಿ ಹೊರತಂದ 8051 ಎಂಬ ಚಿಪ್ಪು ಆಗ ನಮ್ಮಂಥವರ ಕೈಗೆ ಎಟುಕುವಷ್ಟು ಅಗ್ಗವಾಗಿತ್ತು. ಅದನ್ನು ನಡುವೆ ಇಟ್ಟು ನಾನೊಂದು ಪೆಟ್ಟಿಗೆ ಮಾಡಿದೆ. ಮೂರೂ ಫೇಸು ಬಂದಿದೆಯೇ ನೋಡುವುದು, ಬಂದ ಮೇಲೆ ಮೂರು ನಿಮಿಷ ಕಾಯುವುದು, ಆಮೇಲೆ ಒಂದು ಸೆಕೆಂಡು ರಿಲೇ ಮುಚ್ಚಿ ಹಸಿರು ಗುಂಡಿಯನ್ನು ಒತ್ತಿದಂತೆ ಮಾಡುವುದು, ಪೈಪಿನಲ್ಲಿ ನೀರು ಬಾರದಿದ್ದರೆ ನಿಲ್ಲಿಸುವುದು, ಎಷ್ಟು ಗಂಟೆ ಓಡಿತೆಂದು ಕೆಂಪು ಅಂಕೆಗಳಲ್ಲಿ ತೋರಿಸುವುದು. ನೋಡಿದವರು ಬೆರಗಾದರು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ 1997ರ ಬೇಸಿಗೆಯ ಹೊತ್ತಿಗೆ ಹನ್ನೊಂದು ಪೆಟ್ಟಿಗೆ ಮಾರಿದ್ದೆ. ವಿಟ್ಲ, ಮಾಣಿ, ಕಡೇಶಿವಾಲಯದ ಕಡೆ, ಬೆಳ್ತಂಗಡಿಯ ದಾರಿಯಲ್ಲಿ ಎರಡು, ಮೂಡುಬಿದಿರೆಯ ಹತ್ತಿರ ಒಂದು.

ಈಗ ಒಂದು ಸಣ್ಣ ಪಾಪದ ವಿಷಯ ಹೇಳಬೇಕು. ಮೊದಲ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು ಕರೆಂಟು ಕೊಟ್ಟಾಗ ರಿಲೇ ಒಮ್ಮೆ 'ಟಿಕ್' ಅನ್ನುತ್ತಿತ್ತು. ಕಾರಣ ಗೊತ್ತಿತ್ತು. 8051ನ್ನು ರಿಸೆಟ್ ಮಾಡುವಾಗ, ಅಂದರೆ ಅದಕ್ಕೆ 'ಇದ್ದದ್ದೆಲ್ಲ ಮರೆತು ಮೊದಲಿನಿಂದ ಶುರು ಮಾಡು' ಎಂದು ಹೇಳುವಾಗ, ಅದರ ಪೋರ್ಟಿನ ಕಾಲುಗಳೆಲ್ಲ ಒಂದು ಎಂಬ ಸ್ಥಿತಿಗೆ ಏರುತ್ತವೆ. ನನ್ನ ಸರ್ಕೀಟಿನಲ್ಲಿ ಒಂದು ಎಂದರೆ ರಿಲೇ ಆನ್. ರಿಸೆಟ್ ಮುಗಿದು ಪ್ರೋಗ್ರಾಮು ಶುರುವಾದ ಕೂಡಲೇ ಅದನ್ನು ಸೊನ್ನೆ ಮಾಡುತ್ತದೆ, ರಿಲೇ ಬಿಡುತ್ತದೆ. ಆ ನಡುವಿನ ಕ್ಷಣದ್ದೇ ಟಿಕ್.

ರಿಸೆಟ್ ಕೊಡಲು ಎಲ್ಲ ಪುಸ್ತಕಗಳಲ್ಲೂ ಇರುವುದು ಎರಡು ಬಿಡಿಭಾಗ. ಹತ್ತು ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರ್, 8.2 ಕಿಲೊ ಓಮಿನ ಒಂದು ರೆಸಿಸ್ಟರ್. ಕರೆಂಟು ಬಂದಾಗ ಕೆಪಾಸಿಟರ್ ತುಂಬುವ ತನಕ, ಅಂದರೆ ಒಂದು ಸೆಕೆಂಡಿನ ಹನ್ನೆರಡನೇ ಒಂದು ಪಾಲಿನಷ್ಟು ಹೊತ್ತು, ರಿಸೆಟ್ ಕಾಲು ಮೇಲಿರುತ್ತದೆ. ಆಮೇಲೆ ಇಳಿಯುತ್ತದೆ. ನಾನು ಏನು ಮಾಡಿದೆ? ಹತ್ತರ ಜಾಗದಲ್ಲಿ ಒಂದು ಮೈಕ್ರೊಫ್ಯಾರಡಿನ ಕೆಪಾಸಿಟರ್ ಹಾಕಿದೆ. ರಿಸೆಟ್ ಎಷ್ಟು ಚುಟುಕಾಯಿತೆಂದರೆ ರಿಲೇಗೆ ಮುಚ್ಚಲು ಪುರುಸೊತ್ತೇ ಇಲ್ಲ. ಟಿಕ್ ನಿಂತಿತು. ನನ್ನ ಬುದ್ಧಿವಂತಿಕೆಯ ಮೇಲೆ ನನಗೇ ಪ್ರೀತಿ ಹುಟ್ಟಿತು.

ಮಾವನ ತೋಟದಲ್ಲಿ ಪಂಪು ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಒಬ್ಬರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ನಾನು ಚಡ್ಡಿ ಹಾಕುವ ಕಾಲದಿಂದ ಆ ಪಂಪಿನ ಒಳಹೊರಗು ಬಲ್ಲವರು. ಮಾರ್ಚ್ ತಿಂಗಳ ಒಂದು ಸಂಜೆ. ಕರೆಂಟು ಇರಲಿಲ್ಲ. ಪಂಪಿನ ಗ್ಲ್ಯಾಂಡಿನಲ್ಲಿ ನೀರು ಜಾಸ್ತಿ ಸೋರುತ್ತಿದೆ, ಹುರಿ ಬದಲಾಯಿಸುವ ಎಂದು ಅಣ್ಣ ಸ್ಪ್ಯಾನರು ಹಿಡಿದು ಕುಳಿತಿದ್ದಾರೆ. ಮೈನ್ ಸ್ವಿಚ್ ಎಳೆದಿರಲಿಲ್ಲ. ಕರೆಂಟೇ ಇಲ್ಲವಲ್ಲ! ಅಲ್ಲದೆ ಬಂದರೂ ಪೆಟ್ಟಿಗೆ ಮೂರು ನಿಮಿಷ ಕಾಯುತ್ತದೆಂದು ಅವರಿಗೆ ಹೇಳಿಕೊಟ್ಟವನು ನಾನೇ. "ಕರೆಂಟು ಬಂದ ಮೇಲೆ ಒಂದು ಬೀಡಿ ಎಳೆದು ಮುಗಿಸುವಷ್ಟು ಹೊತ್ತು ಉಂಟು ಅಣ್ಣ" ಎಂದು ನಗೆಯಾಡಿದ್ದೆ.

ಕರೆಂಟು ಬಂತು. ಬಂದದ್ದು ಸರಿಯಾಗಿ ಬರಲಿಲ್ಲ. ಮೂರು ನಾಲ್ಕು ಸಲ ಕಣ್ಣು ಮಿಟುಕಿಸಿ, ಮಂಕಾಗಿ, ಆಮೇಲೆ ನಿಂತಿತು. ನಿಂತ ಮರುಕ್ಷಣ ಮೋಟಾರು ಎದ್ದಿತು. ಅಣ್ಣನ ಹೆಗಲ ಮೇಲಿದ್ದ ಬೈರಾಸಿನ ತುದಿ ಕಪ್ಲಿಂಗಿಗೆ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಳ್ಳಲು ಹೋದ ಬಲಗೈ ಕಬ್ಬಿಣಕ್ಕೆ ತಾಗಿತು. ಬೈರಾಸು ಹಳೆಯದು, ಹರಿಯಿತು. ಹೊಸದಾಗಿದ್ದರೆ? ಆ ಮಾತನ್ನು ಅಲ್ಲಿ ಯಾರೂ ಆಡಲಿಲ್ಲ. ಎರಡು ಬೆರಳಿಗೆ ಏಳು ಹೊಲಿಗೆ. ಒಂದು ಉಗುರು ಮತ್ತೆ ಸರಿಯಾಗಿ ಬರಲೇ ಇಲ್ಲ.

ಸುದ್ದಿ ತಿಳಿದು ನಾನು ಓಡಿದಾಗ ಮಾವ ಜಗಲಿಯಲ್ಲಿ ಕುಳಿತಿದ್ದರು. ಬಯ್ಯಲಿಲ್ಲ. "ಎಂತ ಮಾರಾಯ, ನಿನ್ನ ಪೆಟ್ಟಿಗೆಗೆ ಮೈಮೇಲೆ ಬರುದುಂಟಾ?" ಎಂದಷ್ಟೇ ಕೇಳಿದರು. ತೋಟದ ಕೆಲಸದವರಲ್ಲಿ ಒಬ್ಬರು ಇದು ಗುಳಿಗನ ಉಪದ್ರವೇ ಎಂದು ಆಗಲೇ ತೀರ್ಮಾನಿಸಿಯಾಗಿತ್ತು. ನಾನು ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ಪೆಟ್ಟಿಗೆ ಕಳಚಿಕೊಂಡು ಬಂದೆ.

ಅಂಗಡಿಯ ಮೇಜಿನ ಮೇಲೆ ಪೆಟ್ಟಿಗೆ ಪರಮ ಸಾಧು. ಸ್ವಿಚ್ ಹಾಕಿದರೆ ಮೂರು ನಿಮಿಷ ಕಾದು, ಒಂದು ಸೆಕೆಂಡು ರಿಲೇ ಒತ್ತಿ, ಕೈಕಟ್ಟಿ ನಿಲ್ಲುತ್ತದೆ. ಇಪ್ಪತ್ತು ಸಲ ಹಾಕಿ ತೆಗೆದೆ. ಇಪ್ಪತ್ತು ಸಲವೂ ಅದೇ ಸಾಧುತನ. ರಿಪೇರಿಯವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕೆಟ್ಟದ್ದು ಕೆಟ್ಟ ಹಾಗೆಯೇ ಇದ್ದರೆ ಹುಡುಕಬಹುದು. ವೈದ್ಯರ ಎದುರು ಮಾತ್ರ ಜ್ವರ ಬಿಡುವ ರೋಗಿಯನ್ನು ಏನು ಮಾಡುವುದು?

ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಮಂಗಳೂರಿಗೆ, ನನಗೆ ಡಿಪ್ಲೊಮಾದಲ್ಲಿ ಕಲಿಸಿದ್ದ ಗುರುಗಳ ಹತ್ತಿರ ಹೋದೆ. ಅವರಲ್ಲಿ ಆಸಿಲೊಸ್ಕೋಪ್ ಇತ್ತು. ಕರೆಂಟನ್ನು ಬೇಕಾದಷ್ಟಕ್ಕೆ ಇಳಿಸುವ ವೇರಿಯಾಕ್ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ ತಾಳ್ಮೆ ಇತ್ತು. ವೇರಿಯಾಕನ್ನು ಮೆಲ್ಲನೆ ತಿರುಗಿಸುತ್ತ 150ಕ್ಕೆ ತಂದರು. ನನ್ನ ಮಲ್ಟಿಮೀಟರು 5 ವೋಲ್ಟಿನ ಜಾಗದಲ್ಲಿ 4.6 ತೋರಿಸಿತು. "ಸ್ವಲ್ಪ ಕಡಿಮೆ, ಅಷ್ಟೇ" ಎಂದೆ. ಅವರು ಮಾತಾಡದೆ ಸ್ಕೋಪಿನ ತಂತಿ ಮುಟ್ಟಿಸಿದರು. ಪರದೆಯ ಮೇಲೆ ಗೆರೆ ಇರಲಿಲ್ಲ, ಗರಗಸ ಇತ್ತು. ಸೆಕೆಂಡಿಗೆ ನೂರು ಹಲ್ಲು. ಪ್ರತಿ ಹಲ್ಲಿನ ಬುಡದಲ್ಲಿ ವೋಲ್ಟೇಜು ಮೂರೂವರೆಗೆ ಬೀಳುತ್ತಿತ್ತು.

"ಮೀಟರು ಹೇಳುವುದು ಸರಾಸರಿ. ಒಂದು ಕಾಲು ಒಲೆಯಲ್ಲಿ, ಒಂದು ಕಾಲು ತಣ್ಣೀರಿನಲ್ಲಿ ಇಟ್ಟವನು ಸರಾಸರಿಯಲ್ಲಿ ಸುಖವಾಗಿಯೇ ಇರುತ್ತಾನೆ" ಎಂದರು ಗುರುಗಳು.

ಲೆಕ್ಕ ಹಾಕಿದರೆ ಆಗುವುದೂ ಅಷ್ಟೇ. ನಾನು ಹಾಕಿದ್ದು ಒಂಬತ್ತು ವೋಲ್ಟಿನ ಟ್ರಾನ್ಸ್‌ಫಾರ್ಮರ್. ಹೊರಗೆ 150 ಇದ್ದಾಗ ಅದು ಕೊಡುವುದು ಆರಕ್ಕೂ ಕಡಿಮೆ. ಅದರ ಶಿಖರ 8.3. ಡಯೋಡುಗಳು 1.4 ತಿಂದವು. ಉಳಿದದ್ದು ಸುಮಾರು ಏಳು. ಒಂದು ಅಲೆ ಹೋಗಿ ಇನ್ನೊಂದು ಬರುವುದರೊಳಗೆ ಕೆಪಾಸಿಟರಿನಿಂದ ಇನ್ನೂ ಒಂದೂವರೆ ವೋಲ್ಟು ಸೋರಿಹೋಯಿತು. 7805 ಎಂಬ ರೆಗ್ಯುಲೇಟರಿಗೆ ಐದು ಕೊಡಬೇಕಾದರೆ ಏಳಾದರೂ ಬೇಕು. ಅದು ಎಲ್ಲಿಂದ ತರಬೇಕು? ಪಂಪುಗಳೆಲ್ಲ ಎದ್ದಿರುವ ಸಂಜೆಯ ವೋಲ್ಟೇಜನ್ನು ಲೆಕ್ಕಕ್ಕೆ ಹಿಡಿಯದೆ ಪಂಪಿನ ಪೆಟ್ಟಿಗೆ ಮಾಡಿದ ಬುದ್ಧಿವಂತ ನಾನು.

ಮೂರೂವರೆ ವೋಲ್ಟಿನಲ್ಲಿ ಪ್ರೊಸೆಸರ್ ಸತ್ತುಹೋದರೆ ತೊಂದರೆ ಇರಲಿಲ್ಲ. ತೊಂದರೆ ಇರುವುದು ಅದು ಸಾಯುವುದಿಲ್ಲ ಎಂಬುದರಲ್ಲೇ. ಇದನ್ನು ನಮ್ಮ ಕಡೆಯ ಓದುಗರಿಗೆ ಹೀಗೆ ಹೇಳಬಹುದು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿಕೊಂಡು ಪೂರ್ತಿ ನಿದ್ದೆ ಹೋದವನಿಂದ ಆಟಕ್ಕೆ ಹಾನಿಯಿಲ್ಲ, ಬೇರೊಬ್ಬನನ್ನು ಕಳಿಸಬಹುದು. ಪೂರ್ತಿ ಎಚ್ಚರ ಇದ್ದವನಂತೂ ಸರಿಯೇ. ಬೆಳಗಿನ ಜಾವ ಮೂರು ಗಂಟೆಗೆ ಯಾರೋ ತಟ್ಟಿದರೆಂದು ಅರೆನಿದ್ದೆಯಲ್ಲಿ ಎದ್ದು ರಂಗಸ್ಥಳಕ್ಕೆ ನುಗ್ಗಿ ನಿನ್ನೆಯ ಪ್ರಸಂಗದ ಅರ್ಥ ಹೇಳತೊಡಗುವವನಿದ್ದಾನಲ್ಲ, ಅಪಾಯ ಅವನು. ಕಡಿಮೆ ವೋಲ್ಟೇಜಿನ ಪ್ರೊಸೆಸರ್ ಅಂಥದ್ದು. ಎಣಿಸುತ್ತದೆ, ತಪ್ಪಾಗಿ ಎಣಿಸುತ್ತದೆ. ಓದುತ್ತದೆ, ಬೇರೆ ಪುಟ ಓದುತ್ತದೆ. ಡಿಸ್‌ಪ್ಲೇಯ ಅಂಕೆಗಳಿಗೆಂದು ನಾನು ಬರೆದಿಟ್ಟ ಪಟ್ಟಿಯನ್ನೇ ಆದೇಶವೆಂದು ತಿಳಿದು ಪಾಲಿಸುತ್ತದೆ. 12 ಮೆಗಾಹರ್ಟ್ಸಿನಲ್ಲಿ ಓಡುವ 8051ಗೆ ಒಂದು ಹೆಜ್ಜೆಗೆ ಒಂದು ಮೈಕ್ರೊಸೆಕೆಂಡು. ಮೂರು ಮಿಲಿಸೆಕೆಂಡಿನ ಒಂದು ತೂಕಡಿಕೆಯಲ್ಲಿ ಮೂರು ಸಾವಿರ ತಪ್ಪು ಹೆಜ್ಜೆ ಇಡಬಹುದು. ಅದರಲ್ಲಿ ಒಂದು ಹೆಜ್ಜೆ ರಿಲೇಯ ಮೇಲೆ ಬಿದ್ದರೆ ಸಾಕು.

ಹಾಗಾದರೆ ಕೆಪಾಸಿಟರ್-ರೆಸಿಸ್ಟರಿನ ರಿಸೆಟ್ ಏನು ಮಾಡುತ್ತಿತ್ತು? ಏನೂ ಇಲ್ಲ. ವೋಲ್ಟೇಜು ಪೂರ್ತಿ ಸೊನ್ನೆಗೆ ಇಳಿದು, ಒಂದಷ್ಟು ಹೊತ್ತು ಅಲ್ಲೇ ಇದ್ದು, ಮತ್ತೆ ಜಿಗಿದು ಏರಿದರೆ ಮಾತ್ರ ಅದಕ್ಕೆ ಕೆಲಸ. ಐದರಿಂದ ಮೂರೂವರೆಗೆ ಇಳಿದು ಏರಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಸ್ವಿಚ್ ಹಾಕಿ ತೆಗೆದು ಪರೀಕ್ಷೆ ಮಾಡುವವನ ಮೇಜಿನ ಮೇಲೆ ಅದು ಪ್ರತಿ ಸಲವೂ ಪಾಸು. ಹತ್ತನ್ನು ಒಂದಕ್ಕೆ ಇಳಿಸಿದ ನನ್ನ ಚಮತ್ಕಾರವಂತೂ ಇದ್ದ ಚೂರುಪಾರು ರಕ್ಷಣೆಯನ್ನೂ ಕಿತ್ತುಹಾಕಿತ್ತು.

ಗುರುಗಳು ಕಪಾಟಿನಿಂದ ದಪ್ಪ ಡೇಟಾ ಪುಸ್ತಕವೊಂದನ್ನು ತೆಗೆದು ಒಂದು ಪುಟ ತೋರಿಸಿದರು. ಅಮೆರಿಕದ ಟೆಕ್ಸಾಸಿನ ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿಯ ಡಿಎಸ್ 1232. ಎಂಟು ಕಾಲಿನ ಪುಟ್ಟ ಚಿಪ್ಪು. ಇಂಥವನ್ನು ವೋಲ್ಟೇಜ್ ಸೂಪರ್‌ವೈಸರ್ ಎನ್ನುತ್ತಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಟಿಎಲ್ 7705, ಮ್ಯಾಕ್ಸಿಮ್ ಕಂಪನಿಯ ಮ್ಯಾಕ್ಸ್ 690 ಇವೆಲ್ಲ ಅದೇ ಕುಲದವು. ಅದರೊಳಗೆ ಲೆಕ್ಕ ಮಾಡುವ ಯಾವ ಬುದ್ಧಿಯೂ ಇಲ್ಲ, ಪ್ರೋಗ್ರಾಮಿಲ್ಲ. ಹೊರಗೆ ವೋಲ್ಟೇಜು ಎಷ್ಟೇ ಕುಣಿದರೂ ತಾನು ಕುಣಿಯದ ಒಂದು ಅಳತೆಗೋಲು ಒಳಗಿದೆ. ಸಿಲಿಕಾನಿನ ಗುಣದಿಂದಲೇ ಹುಟ್ಟುವ ಸುಮಾರು 1.2 ವೋಲ್ಟಿನ ಸ್ಥಿರ ಮಟ್ಟವನ್ನು ಇಂಥ ಚಿಪ್ಪುಗಳಲ್ಲಿ ಅಳತೆಗೋಲಾಗಿ ಬಳಸುವುದು ವಾಡಿಕೆ. ಬಂದ ವೋಲ್ಟೇಜನ್ನು ಅದರ ಪಕ್ಕ ಹಿಡಿದು ನೋಡುವ ಒಂದು ತಕ್ಕಡಿ. ಒಂದು ಗಡಿಯಾರ. ವೋಲ್ಟೇಜು 4.62ಕ್ಕಿಂತ ಕೆಳಗೆ ಬಿತ್ತೋ, ಕೂಡಲೇ ಪ್ರೊಸೆಸರನ್ನು ರಿಸೆಟ್‌ನಲ್ಲಿ ಒತ್ತಿ ಹಿಡಿಯುತ್ತದೆ. ಎಷ್ಟು ಹೊತ್ತು ಕೆಳಗಿರುತ್ತದೋ ಅಷ್ಟು ಹೊತ್ತೂ ಬಿಡುವುದಿಲ್ಲ. ಮೇಲೆ ಬಂದ ಮೇಲೂ ಕೂಡಲೇ ಬಿಡುವುದಿಲ್ಲ, ಕನಿಷ್ಠ 250 ಮಿಲಿಸೆಕೆಂಡು ಕಾಯುತ್ತದೆ. ನಡುವೆ ಮತ್ತೆ ಬಿದ್ದರೆ ಮತ್ತೆ ಮೊದಲಿನಿಂದ ಕಾಯುತ್ತದೆ. ಚೌಕಿಯ ಬಾಗಿಲಲ್ಲಿ ನಿಂತು, "ಮುಖ ತೊಳೆದು ಬಾ, ಆಮೇಲೆ ರಂಗಕ್ಕೆ" ಎನ್ನುವ ಹಿರಿಯ.

4.62 ಎಂಬ ಸಂಖ್ಯೆಯೂ ಸುಮ್ಮನೆ ಬಂದದ್ದಲ್ಲ. 7805 ಒಳ್ಳೆಯ ಸ್ಥಿತಿಯಲ್ಲಿದ್ದಾಗ 4.8ರಿಂದ 5.2ರ ನಡುವೆ ಕೊಡುತ್ತದೆ. ನಾನು ಬಳಸುತ್ತಿದ್ದ 8051 ಸರಿಯಾಗಿ ನಡೆಯುತ್ತದೆಂದು ತಯಾರಕರು ಮಾತು ಕೊಡುವುದು 4.5ರ ತನಕ. ಕಾವಲುಗಾರ ನಿಲ್ಲಬೇಕಾದದ್ದು ಈ ಎರಡರ ನಡುವಿನ ಓಣಿಯಲ್ಲಿ. ಅದೇ ಚಿಪ್ಪಿನ ಒಂದು ಕಾಲನ್ನು ಬದಲಿಸಿದರೆ 4.37ಕ್ಕೆ ಎಚ್ಚರಗೊಳ್ಳುವ ಹಾಗೂ ಮಾಡಬಹುದು. ಆದರೆ ಅಷ್ಟರಲ್ಲಿ ಪ್ರೊಸೆಸರ್ ತೂಕಡಿಸಲು ತೊಡಗಿ ಆಗಿರುತ್ತದೆ. ಇದನ್ನು ನೋಡದೆ ಸಿಕ್ಕಿದ ಸೂಪರ್‌ವೈಸರ್ ಹಾಕಿ ನೆಮ್ಮದಿಯಾಗಿರುವವರು ಈಗಲೂ ಇದ್ದಾರೆ.

ಚಿಪ್ಪಿಗಾಗಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕಾಯಿತು. ಹನ್ನೆರಡು ಚಿಪ್ಪು ಕೊಂಡೆ. ಅಂಗಡಿಯ ಒಂದು ತಿಂಗಳ ಗಳಿಕೆ ಅಲ್ಲಿಗೆ ಹೋಯಿತು. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಬಂದವನು ಬೆಳಿಗ್ಗೆಯೇ ಬೆಸೆದು ಕುಳಿತೆ. ಮೋಟಾರಿನ ಬದಲು ಒಂದು ಬಲ್ಬು ಕಟ್ಟಿ, ಹಳೆಯ ಸ್ಟೆಬಿಲೈಸರಿನಿಂದ ವೋಲ್ಟೇಜು ಇಳಿಸಿದೆ. ಚಿಪ್ಪು ತನ್ನ ಕೆಲಸ ಮಾಡಿತು, ಪ್ರೊಸೆಸರನ್ನು ಹಿಡಿದು ನಿಲ್ಲಿಸಿತು. ಅದರ ಜೊತೆಗೆ ಬಲ್ಬೂ ಹೊತ್ತಿಕೊಂಡಿತು!

ಒಂದು ಗಳಿಗೆ ತಲೆ ಓಡಲಿಲ್ಲ. ಆಮೇಲೆ ನೆನಪಾಯಿತು ಹಳೆಯ ಟಿಕ್. ರಿಸೆಟ್‌ನಲ್ಲಿ ಪೋರ್ಟಿನ ಕಾಲುಗಳೆಲ್ಲ ಒಂದು. ನನ್ನ ಸರ್ಕೀಟಿನಲ್ಲಿ ಒಂದೆಂದರೆ ಆನ್. ಮೊದಲು ಎಂಟು ಮಿಲಿಸೆಕೆಂಡು ಇದ್ದ ರಿಸೆಟ್ ಈಗ ವೋಲ್ಟೇಜು ಕಡಿಮೆ ಇರುವಷ್ಟು ಹೊತ್ತೂ ಇರುತ್ತದೆ. ಅಷ್ಟು ಹೊತ್ತೂ ಹಸಿರು ಗುಂಡಿ ಒತ್ತಿಯೇ ಇರುತ್ತದೆ. ಕಾವಲುಗಾರನನ್ನು ಇಟ್ಟೆ, ಅವನ ಕೈಗೇ ಕಳ್ಳನ ಕೀಲಿಕೈ ಕೊಟ್ಟೆ. ಆ ಟಿಕ್ ಮೊದಲ ದಿನವೇ ನನಗೆ ಹೇಳುತ್ತಿದ್ದುದು ಇದನ್ನೇ. ನಾನು ಅದರ ಬಾಯಿ ಮುಚ್ಚಿಸಿದ್ದೆ.

ರಿಲೇ ನಡೆಸುವ ಟ್ರಾನ್ಸಿಸ್ಟರನ್ನು ಬದಲಿಸಿ, ಸೊನ್ನೆ ಎಂದರೆ ಆನ್, ಒಂದು ಎಂದರೆ ಆಫ್ ಆಗುವ ಹಾಗೆ ತಿರುವಿದೆ. 8051ಗೆ ಕರೆಂಟು ಕೊಡುವ ಶಕ್ತಿಗಿಂತ ಎಳೆದುಕೊಳ್ಳುವ ಶಕ್ತಿ ಹೆಚ್ಚು. ಅದನ್ನು ಹಾಗೆ ಬಳಸಬೇಕೆಂದೇ ಅದರ ಹುಟ್ಟು. ಟ್ರಾನ್ಸ್‌ಫಾರ್ಮರನ್ನು ಹನ್ನೆರಡು ವೋಲ್ಟಿಗೆ ಏರಿಸಿದೆ, ಕೆಪಾಸಿಟರನ್ನು ದುಪ್ಪಟ್ಟು ಮಾಡಿದೆ, ರಾತ್ರಿಯ 250ಕ್ಕೆ ರೆಗ್ಯುಲೇಟರ್ ಬಿಸಿಯಾಗದಿರಲೆಂದು ದೊಡ್ಡ ಅಲ್ಯೂಮಿನಿಯಂ ತಗಡು ಕೂರಿಸಿದೆ.

ಡಿಎಸ್ 1232ರಲ್ಲಿ ಇನ್ನೊಂದು ಸೌಕರ್ಯ ಉಂಟು, ವಾಚ್‌ಡಾಗ್. ಪ್ರೊಸೆಸರ್ ಆಗಾಗ ಅದರ ಒಂದು ಕಾಲನ್ನು ತಟ್ಟುತ್ತಿರಬೇಕು. 1.2 ಸೆಕೆಂಡು ತಟ್ಟದಿದ್ದರೆ, ಇವನಿಗೆ ಏನೋ ಆಗಿದೆ ಎಂದು ಅದು ರಿಸೆಟ್ ಮಾಡುತ್ತದೆ. ವೋಲ್ಟೇಜು ಸರಿಯಿದ್ದೂ ದಾರಿ ತಪ್ಪಿದವನಿಗೆ ಇದು ಮದ್ದು. ನಾನು ಈ ತಟ್ಟುವ ಕೆಲಸವನ್ನು ಪ್ರೋಗ್ರಾಮಿನಲ್ಲಿ ಟೈಮರ್ ಇಂಟರಪ್ಟಿಗೆ ಒಪ್ಪಿಸಿದ್ದೆ. ಸುಲಭ ನೋಡಿ. ಗುರುಗಳು ನಕ್ಕರು. "ಮಠದಲ್ಲಿ ಗಂಟೆ ಹೊಡೆಯುವವನು ಎಚ್ಚರ ಇದ್ದಾನೆ, ಸರಿ. ಅಡಿಗೆಯವನು ಎದ್ದಿದ್ದಾನೆಂದು ಅದರಿಂದ ಹೇಗೆ ಗೊತ್ತಾಗುವುದು?" ಮುಖ್ಯ ಕೆಲಸ ನಿಂತುಹೋದರೂ ಇಂಟರಪ್ಟು ತನ್ನಷ್ಟಕ್ಕೆ ತಟ್ಟುತ್ತಲೇ ಇರಬಹುದು. ತಟ್ಟುವುದನ್ನು ಮುಖ್ಯ ಸುತ್ತಿಗೆ ವರ್ಗಾಯಿಸಿದೆ.

ಅದೇ ವರ್ಷ ಜುಲೈ 4ರಂದು ಅಮೆರಿಕದ ಪಾಥ್‌ಫೈಂಡರ್ ನೌಕೆ ಮಂಗಳನ ಮೇಲೆ ಇಳಿಯಿತು. ಕೆಲವು ದಿನಗಳಲ್ಲಿ ಅದರ ಕಂಪ್ಯೂಟರು ಮತ್ತೆ ಮತ್ತೆ ತನ್ನಷ್ಟಕ್ಕೆ ರಿಸೆಟ್ ಆಗತೊಡಗಿತು. ಕಾರಣ ವೋಲ್ಟೇಜಲ್ಲ. ಕಡಿಮೆ ಮಹತ್ವದ ಒಂದು ಕೆಲಸ ಹಿಡಿದುಕೊಂಡ ಸಾಮಾನಿಗಾಗಿ ಅತಿ ಮುಖ್ಯವಾದ ಕೆಲಸ ಕಾದು ನಿಂತದ್ದು, ಅದನ್ನು ಕಂಡು ವಾಚ್‌ಡಾಗ್ ಬೊಗಳಿದ್ದು. ಭೂಮಿಯ ಮೇಲಿನ ಎಂಜಿನಿಯರುಗಳು ತಮ್ಮಲ್ಲಿದ್ದ ಪ್ರತಿಕೃತಿಯಲ್ಲಿ ಅದೇ ತಪ್ಪನ್ನು ಹುಟ್ಟಿಸಿ, ಕಂಡುಹಿಡಿದು, ಅಲ್ಲಿಗೇ ತಿದ್ದುಪಡಿ ಕಳಿಸಿದರು. ಅವರ ವಾಚ್‌ಡಾಗ್ ಸರಿಯಾದ ಜಾಗದಲ್ಲಿ ಕಟ್ಟಿತ್ತು ಎಂಬುದು ಇದನ್ನು ಓದುವಾಗ ನನಗೆ ಹೊಳೆದ ಮೊದಲ ಸಂಗತಿ!

ನಮ್ಮ ರಾಜ್ಯದಲ್ಲೇ ಇದಕ್ಕಿಂತ ಹತ್ತಿರದ ಒಂದು ಪಾಠ ಇತ್ತು. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ 128 ಲೈನಿನ ಟೆಲಿಫೋನ್ ಎಕ್ಸ್‌ಚೇಂಜನ್ನು ಮೊದಲು ಕೂರಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಧೂಳು, ಸೆಕೆಗಳ ನಡುವೆ ಹವಾನಿಯಂತ್ರಣವಿಲ್ಲದೆ ಅದು ನಡೆಯಬೇಕಿತ್ತು, ನಡೆಯಿತು. ಟೆಲಿಫೋನಿನವರು ಮೊದಲಿನಿಂದಲೂ ಕರೆಂಟನ್ನು ನೇರ ನಂಬಿದವರಲ್ಲ. ನಡುವೆ 48 ವೋಲ್ಟಿನ ಬ್ಯಾಟರಿ ಸಾಲು ಇಟ್ಟು, ಯಂತ್ರವನ್ನು ಅದರ ಮೇಲೆ ಓಡಿಸುವುದು ಅವರ ಪದ್ಧತಿ. ಅಷ್ಟು ದೊಡ್ಡ ಬ್ಯಾಟರಿ ಪಂಪ್‌ಶೆಡ್ಡಿನ ಪೆಟ್ಟಿಗೆಗೆ ಸಾಧ್ಯವಿಲ್ಲ ನಿಜ. ಆದರೆ ಕರೆಂಟನ್ನು ನಂಬಬಾರದೆಂಬ ಬುದ್ಧಿಗೆ ಖರ್ಚೇನೂ ಇರಲಿಲ್ಲ.

ಇನ್ನೂ ಹತ್ತಿರದ ಪಾಠ ಮಾವನ ಶೆಡ್ಡಿನ ಗೋಡೆಯಲ್ಲೇ ಇತ್ತು. ಹಳೆಯ ಕಪ್ಪು ಸ್ಟಾರ್ಟರ್. ಅದರೊಳಗೆ ನೋ-ವೋಲ್ಟ್ ಕಾಯಿಲ್ ಎಂಬುದೊಂದಿದೆ. ಹಸಿರು ಗುಂಡಿ ಒತ್ತಿದಾಗ ಕಾಂಟ್ಯಾಕ್ಟುಗಳನ್ನು ಎಳೆದು ಹಿಡಿಯುವುದು ಅದೇ. ವೋಲ್ಟೇಜು ತೀರ ಇಳಿದರೆ ಅದರ ಹಿಡಿತ ಸಡಿಲಿ ಮೋಟಾರು ನಿಲ್ಲುತ್ತದೆ. ಕರೆಂಟು ಮತ್ತೆ ಬಂದರೂ ಅದು ತಾನಾಗಿ ಹಿಡಿಯುವುದಿಲ್ಲ. ಮನುಷ್ಯ ಬಂದು ನೋಡಿ, ಒತ್ತಬೇಕು. ತಾಮ್ರದ ತಂತಿ, ಕಬ್ಬಿಣದ ತುಂಡು, ಒಂದು ಸ್ಪ್ರಿಂಗು. ಪೂರ್ತಿ ಎಚ್ಚರ ಇಲ್ಲದಿದ್ದರೆ ಬಿಡು, ಬಿಟ್ಟ ಮೇಲೆ ಸುಮ್ಮನೆ ಇರು ಎಂಬುದನ್ನು ಯಾರೋ ಪುಣ್ಯಾತ್ಮರು ಅದರಲ್ಲಿ ಅಷ್ಟು ಹಿಂದೆಯೇ ಬರೆದಿಟ್ಟಿದ್ದರು. ಅದನ್ನು ದಾಟುವುದಕ್ಕೆಂದೇ ನಾನು ಪೆಟ್ಟಿಗೆ ಮಾಡಿದ್ದು.

ಉಳಿದ ಹತ್ತು ಪೆಟ್ಟಿಗೆಗಳನ್ನು ವಾಪಸು ತರಿಸಿ ಸರಿಮಾಡುವ ಕೆಲಸ ಮಳೆಗಾಲದ ತನಕ ಹಿಡಿಯಿತು. ಹಳೆಯ ಸ್ಕೂಟರು, ಹಿಂದೆ ಟೂಲ್ ಪೆಟ್ಟಿಗೆ. ಎಲ್ಲರೂ ಖುಷಿಯಿಂದ ಬರಮಾಡಿಕೊಂಡರು ಎಂದೇನಿಲ್ಲ. "ನನ್ನದು ಸರಿಯಾಗಿಯೇ ಓಡ್ತಾ ಉಂಟಲ್ಲ, ನೀವು ಯಾಕೆ ಬಿಚ್ಚುದು?" ಎಂದು ವಿಟ್ಲದ ಕಡೆಯ ಹಿರಿಯರೊಬ್ಬರು ಜಗಲಿಯಿಂದ ಕೆಳಗಿಳಿಯಲೇ ಇಲ್ಲ. ನಡೆದದ್ದನ್ನು ಹೇಳಿದೆ. ಅಣ್ಣನ ಬೆರಳಿನ ವಿಷಯ ಹೇಳುವಾಗ ನನ್ನ ಸ್ವರ ಕೆಟ್ಟಿತು. ಅವರು ಒಳಗೆ ಹೋಗಿ ಟಾರ್ಚು ತಂದು ತಾವೇ ಶೆಡ್ಡಿಗೆ ದಾರಿ ತೋರಿಸಿದರು. ಇನ್ನೊಬ್ಬರು ಪೆಟ್ಟಿಗೆ ಆಗಾಗ ಹುಚ್ಚು ಮಾಡುತ್ತಿದ್ದುದು ನಿಜ, ಆದರೆ ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಿತ್ತು, ಅದಕ್ಕೆ ಹೇಳಲಿಲ್ಲ ಎಂದರು. ಹೇಳಿದ್ದರೆ ಎಂದು ನನಗೆ ಅನ್ನಿಸಿತು. ಅನ್ನಲಿಲ್ಲ.

ಮೂಡುಬಿದಿರೆಯ ಪೆಟ್ಟಿಗೆಗೆ ಹೊಸ ಚಿಪ್ಪು ಹಾಕಿದ ಮೇಲೆ ಅದು ರಿಸೆಟ್‌ನಿಂದ ಹೊರಗೇ ಬರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು, ಇದ್ದದ್ದನ್ನೂ ಕೆಡಿಸಿದ ಎಂಬಂತೆ. ಒಂದು ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ನನ್ನದೇ ಕೆಟ್ಟ ಬೆಸುಗೆ. ರೆಗ್ಯುಲೇಟರಿನಿಂದ 4.9 ಹೊರಟರೆ ಚಿಪ್ಪಿಗೆ ತಲುಪುತ್ತಿದ್ದುದು 4.55. ಒಂದು ವರ್ಷದಿಂದ ಅದು ಹಾಗೆಯೇ ಇತ್ತು, ಯಾರೂ ದೂರಿರಲಿಲ್ಲ. ಬಂದ ಹತ್ತು ನಿಮಿಷಕ್ಕೆ ಈ ಎಂಟು ಕಾಲಿನವನು ಹಿಡಿದು ನಿಲ್ಲಿಸಿದ.

ಈಗ ಈ ಕಾವಲುಗಾರ ಬೇರೆಯಾಗಿ ಬರಬೇಕಾಗಿಲ್ಲ. ಎಷ್ಟೋ ಮೈಕ್ರೊಕಂಟ್ರೋಲರುಗಳ ಹೊಟ್ಟೆಯೊಳಗೇ ಬ್ರೌನ್‌ಔಟ್ ಡಿಟೆಕ್ಟರ್ ಎಂಬ ಹೆಸರಿನಲ್ಲಿ ಕುಳಿತಿರುತ್ತಾನೆ. ಡಲ್ಲಾಸ್ ಕಂಪನಿಯನ್ನು 2001ರಲ್ಲಿ ಮ್ಯಾಕ್ಸಿಮ್ ಕೊಂಡಿತು, ಮ್ಯಾಕ್ಸಿಮನ್ನು 2021ರಲ್ಲಿ ಅನಲಾಗ್ ಡಿವೈಸಸ್ ನುಂಗಿತು. ಮಾವನ ಮೊಮ್ಮಗ ಇಎಸ್‌ಪಿ 32 ಎಂಬ ಹಲಗೆ ಹಿಡಿದು ಮೊಬೈಲಿನಿಂದ ಪಂಪು ಚಾಲೂ ಮಾಡುವ ಪ್ರಯೋಗದಲ್ಲಿದ್ದಾನೆ. ಮೊನ್ನೆ ಬಂದು, "ಅಜ್ಜ, ಇದು 'ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್' ಅಂತ ಬರೆದು ಬರೆದು ರೀಸ್ಟಾರ್ಟ್ ಆಗ್ತದೆ. ಆ ಡಿಟೆಕ್ಟರನ್ನೇ ಆಫ್ ಮಾಡ್ಲಿಕ್ಕೆ ಒಂದು ಲೈನ್ ಕೋಡ್ ಉಂಟಂತೆ, ಹಾಕ್ಲಾ?" ಎಂದು ಕೇಳಿದ. ನಾನು ಒಂದು ಮೈಕ್ರೊಫ್ಯಾರಡಿನ ಕೆಪಾಸಿಟರಿನ ಕತೆಯನ್ನು ಅವನಿಗೆ ಪೂರ್ತಿ ಹೇಳಿದೆ. ಕೇಳುವ ಹೊತ್ತಿಗೆ ಅವನ ಚಾರ್ಜರಿನ ತಂತಿ ನೋಡಿದೆ, ತೀರ ತೆಳ್ಳಗಿನದು. ಅದನ್ನು ಬದಲಿಸಿದ ಮೇಲೆ ಸಂದೇಶ ನಿಂತಿತು.

1997ರ ಜೂನ್‌ನಲ್ಲಿ, ಮಳೆ ಹಿಡಿಯುವ ಮೊದಲು, ಮಾವನ ಶೆಡ್ಡಿಗೆ ಪೆಟ್ಟಿಗೆಯನ್ನು ವಾಪಸು ಕೂರಿಸಲು ಹೋದಾಗ ಅಣ್ಣ ಜೊತೆಗೆ ಬಂದಿದ್ದರು. ಬೆರಳಿನ ಪಟ್ಟಿ ಬಿಚ್ಚಿ ತಿಂಗಳಾಗಿತ್ತು. ಹೊಸ ಚಿಪ್ಪನ್ನು ಬೆರಳಲ್ಲಿ ಮುಟ್ಟಿ ತೋರಿಸಿ, ಇದು ಹೀಗೆ, ಇದು ಹಾಗೆ, ಇನ್ನು ಹಾಗಾಗುವುದಿಲ್ಲ ಎಂದು ತುಳುವಿನಲ್ಲಿ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. "ಅಂದರೆ ಕರೆಂಟು ಬಂತೋ, ಸರಿಯಾಗಿ ಬಂತೋ ಎಂದು ನೋಡುವವನು ಇವನು" ಎಂದರು. ಹೌದೆಂದೆ. "ಒಳ್ಳೆಯದಾಯ್ತು" ಎಂದರು.

ಆಮೇಲೆ ಗ್ಲ್ಯಾಂಡಿನ ಹುರಿ ಬದಲಾಯಿಸಲು ಹೊರಟರು. ಮಾರ್ಚಿನಿಂದ ಅದು ಹಾಗೆಯೇ ಸೋರುತ್ತಿತ್ತು. ಕುಳಿತುಕೊಳ್ಳುವ ಮೊದಲು ಎದ್ದುಹೋಗಿ ಮೈನ್ ಸ್ವಿಚ್ ಎಳೆದರು. ಮೂರು ಫ್ಯೂಸುಗಳನ್ನೂ ಒಂದೊಂದಾಗಿ ಕಿತ್ತರು. ಅವನ್ನು ಹೊಸ ಬೈರಾಸಿನಲ್ಲಿ ಗಂಟು ಕಟ್ಟಿ, ಬೈರಾಸನ್ನು ಶೆಡ್ಡಿನ ಹೊರಗೆ ಅಡಿಕೆ ಮರದ ಬುಡದಲ್ಲಿ ಇಟ್ಟು ಬಂದರು. ನಾನು ಏನೂ ಹೇಳದೆ ಟಾರ್ಚು ಹಿಡಿದು ನಿಂತೆ.